ಹಿಗ್ಗುತ್ತಿರುವ ವಿಶ್ವದ ಸಾಕ್ಷ್ಯಾಧಾರಗಳು ಮತ್ತು ಹೊಸಕೋಟೆ: ಒಂದು ಐತಿಹಾಸಿಕ ಅವಲೋಕನ

ಪೀಠಿಕೆ

ವಿಶ್ವವು ಹಿಗ್ಗುತ್ತಿದೆ ಎಂಬ ನಿರ್ಣಯವು ಇಂದು ಶಾಲಾ ಪಠ್ಯಪುಸ್ತಕಗಳಲ್ಲಿಯೂ ಸ್ಥಾನ ಪಡೆದಿದೆ. ಆದರೆ ಆ ನಿರ್ಣಯವನ್ನು ಎತ್ತಿಹಿಡಿದಿರುವ ಸಾಕ್ಷ್ಯಾಧಾರಗಳು ಒಂದೇ ದಿನದಲ್ಲಿ, ಒಂದೇ ಸ್ಥಳದಲ್ಲಿ, ಒಬ್ಬನೇ ವಿಜ್ಞಾನಿಯ ಕೈಯಲ್ಲಿ ದೊರೆತವಲ್ಲ. ಒಬ್ಬರು ಅಳೆದುದನ್ನು ಮತ್ತೊಬ್ಬರು ಬೇರೊಂದು ಉಪಕರಣದಿಂದ ಮರಳಿ ಅಳೆದು, ತಪ್ಪಿದ್ದಲ್ಲಿ ತಿದ್ದಿ, ಉಳಿದುದನ್ನು ಮಾತ್ರ ಒಪ್ಪಿಕೊಂಡು ಬಂದ ಒಂದು ಶತಮಾನದ ದುಡಿಮೆಯ ಫಲ ಅವು. ಈ ದುಡಿಮೆಯ ಚರಿತ್ರೆಯಲ್ಲಿ ಅಮೆರಿಕದ ಮೌಂಟ್ ವಿಲ್ಸನ್, ಹೋಮ್‌ಡೆಲ್ ಮುಂತಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯ ಹೆಸರು ಅಲ್ಲಿ ಕಾಣಿಸುವುದು ವಿರಳ.

ಹೊಸಕೋಟೆಯಲ್ಲಾಗಲಿ, ದೊಡ್ಡಬಳ್ಳಾಪುರವನ್ನು ದಾಟಿ ಹೋಗುವ ಗೌರಿಬಿದನೂರಿನ ಹಾದಿಯಲ್ಲಾಗಲಿ ವಿಶ್ವದ ಹಿಗ್ಗುವಿಕೆಯು ಮೊದಲಿಗೆ ಪತ್ತೆಯಾಯಿತೆಂದು ಹೇಳಲು ಬರುವುದಿಲ್ಲ. ಈ ಸೀಮೆಯ ಕೊಡುಗೆ ಬೇರೆ ಬಗೆಯದು. ಹತ್ತಿರದ ಸೂಪರ್‌ನೋವಾಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ದೂರದ ಅಳತೆಗೋಲನ್ನು ನೇರ್ಪಡಿಸಿದ್ದು ಅದರ ಒಂದು ಭಾಗ. ಜಗತ್ತಿನ ಗಮನ ಸೆಳೆದ ಒಂದು ಶೋಧನೆಯನ್ನು ಕೆರೆಯ ನೀರಿನ ಮೇಲೆ ಪರೀಕ್ಷೆಗೊಡ್ಡಿದ್ದು ಇನ್ನೊಂದು ಭಾಗ. ಪ್ರಸ್ತುತ ಪ್ರಬಂಧದಲ್ಲಿ ಈ ಎರಡು ಎಳೆಗಳನ್ನು ಅವುಗಳ ಚಾರಿತ್ರಿಕ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ.

ಸಾಕ್ಷ್ಯದ ಮೂರು ಆಧಾರಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಕಾಶದ ಸುರುಳಿ ನೀಹಾರಿಕೆಗಳು ನಮ್ಮ ಕ್ಷೀರಪಥಕ್ಕೆ ಸೇರಿದವೋ ಅಥವಾ ಅದರಾಚೆಗಿನ ಸ್ವತಂತ್ರ ಗೆಲಾಕ್ಸಿಗಳೋ ಎಂಬುದೇ ತೀರ್ಮಾನವಾಗಿರಲಿಲ್ಲ. ವೆಸ್ಟೋ ಸ್ಲೈಫರ್ ೧೯೧೨ರಿಂದ ಇವುಗಳ ರೋಹಿತಗಳನ್ನು ದಾಖಲಿಸುತ್ತ ಹೋದಾಗ, ಬಹುಪಾಲು ನೀಹಾರಿಕೆಗಳ ರೋಹಿತರೇಖೆಗಳು ಕೆಂಪು ತುದಿಯ ಕಡೆಗೆ ಸರಿದಿರುವುದು ಕಂಡುಬಂತು. ಇದೇ ಕೆಂಪು ಪಲ್ಲಟ. ಹೆನ್ರಿಯೆಟಾ ಲೆವಿಟ್ ೧೯೧೨ರಲ್ಲಿ ಖಚಿತಪಡಿಸಿದ ಸೆಫೀಡ್ ನಕ್ಷತ್ರಗಳ ನಿಯಮವು ದೂರವನ್ನು ಅಳೆಯುವ ಸಾಧನವಾಯಿತು. ಈ ನಕ್ಷತ್ರಗಳ ಹೊಳಪು ಏರಿಳಿಯುವ ಅವಧಿ ಹೆಚ್ಚಿದಷ್ಟೂ ಅವುಗಳ ನಿಜವಾದ ಪ್ರಕಾಶವೂ ಹೆಚ್ಚು. ಬೆಲ್ಜಿಯಮ್ಮಿನ ಜಾರ್ಜ್ ಲೆಮೈತ್ರ ೧೯೨೭ರಲ್ಲಿ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳಿಂದ ಹಿಗ್ಗುವ ವಿಶ್ವದ ಕಲ್ಪನೆಗೆ ತಲುಪಿದರು. ಎಡ್ವಿನ್ ಹಬಲ್ ೧೯೨೯ರಲ್ಲಿ, ದೂರ ತಿಳಿದಿದ್ದ ೨೪ ನೀಹಾರಿಕೆಗಳ ಆಧಾರದಿಂದ, ದೂರ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ ಎಂಬ ಸಂಬಂಧವನ್ನು ಪ್ರಕಟಿಸಿದರು.

ಹಬಲ್ ಕಂಡ ಸಂಬಂಧ ಸರಿಯಾಗಿತ್ತು. ಆದರೆ ಅವರ ಅಳತೆಗೋಲು ಸರಿಯಾಗಿರಲಿಲ್ಲ. ಹಿಗ್ಗುವಿಕೆಯ ದರಕ್ಕೆ ಅವರು ನೀಡಿದ ಬೆಲೆ ಪ್ರತಿ ಮೆಗಾಪಾರ್ಸೆಕ್‌ಗೆ, ಅಂದರೆ ಸುಮಾರು ೩೨.೬ ಲಕ್ಷ ಜ್ಯೋತಿರ್ವರ್ಷಗಳಿಗೆ, ಸೆಕೆಂಡಿಗೆ ೫೦೦ ಕಿಲೋಮೀಟರುಗಳಷ್ಟಿತ್ತು. ಆ ಲೆಕ್ಕದಂತೆ ವಿಶ್ವದ ವಯಸ್ಸು ಸುಮಾರು ೨೦೦ ಕೋಟಿ ವರ್ಷಗಳಾಗುತ್ತಿತ್ತು. ಭೂಮಿಯ ಶಿಲೆಗಳು ಅದಕ್ಕಿಂತ ಹಳೆಯವು. ಮಗಳ ವಯಸ್ಸು ತಾಯಿಯ ವಯಸ್ಸನ್ನು ಮೀರಿದ ಈ ವಿರೋಧಾಭಾಸವು ಬಗೆಹರಿಯತೊಡಗಿದ್ದು, ಸೆಫೀಡ್‌ಗಳಲ್ಲಿ ಎರಡು ವರ್ಗಗಳಿವೆಯೆಂದು ವಾಲ್ಟರ್ ಬಾಡೆ ೧೯೫೨ರಲ್ಲಿ ತೋರಿಸಿದ ಬಳಿಕ. ವಿಶ್ವವಿಜ್ಞಾನದ ಚರಿತ್ರೆಯಲ್ಲಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಅಳತೆಗೋಲೇ ಪದೇಪದೇ ವಿವಾದದ ಮೂಲವಾಗಿದೆ ಎಂಬುದಕ್ಕೆ ಇದು ಮೊದಲ ನಿದರ್ಶನ.

ಎರಡನೆಯ ಆಧಾರ ೧೯೬೫ರಲ್ಲಿ ದೊರೆಯಿತು. ಅರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರು ಹೋಮ್‌ಡೆಲ್‌ನ ಆಂಟೆನಾದಲ್ಲಿ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತಿದ್ದ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವನ್ನು ಗುರುತಿಸಿದರು. ಮಹಾಸ್ಫೋಟದ ಬಳಿಕ ವಿಶ್ವವು ತಣಿದಾಗ ಉಳಿದ ಈ ವಿಕಿರಣದ ತಾಪಮಾನ ೨.೭೨೫ ಕೆಲ್ವಿನ್ ಎಂದು ೧೯೮೯ರಲ್ಲಿ ಉಡಾವಣೆಗೊಂಡ ಕೋಬಿ ಉಪಗ್ರಹದ ಅಳತೆಗಳು ಸ್ಥಿರಪಡಿಸಿದವು. ಮೂರನೆಯ ಆಧಾರ, ಆದಿಕಾಲದ ಅಣುಬೀಜಗಳ ಸಂಯೋಜನೆಯಿಂದ ಉಂಟಾದ ಹೀಲಿಯಮ್ ಮುಂತಾದ ಹಗುರ ಧಾತುಗಳ ಪ್ರಮಾಣ. ಈ ಮೂರೂ ಒಂದನ್ನೊಂದು ಸಮರ್ಥಿಸುವುದರಿಂದಲೇ ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷಗಳೆಂಬ ಎಣಿಕೆಗೆ ಇಂದು ವ್ಯಾಪಕ ಮನ್ನಣೆ ದೊರೆತಿದೆ.

ಹಾನ್ಲೆಯಿಂದ ಹೊಸಕೋಟೆಗೆ

ದಕ್ಷಿಣ ಭಾರತದಲ್ಲಿ ಆಧುನಿಕ ಖಗೋಳ ವೀಕ್ಷಣೆಗೆ ದೀರ್ಘವಾದ ಪರಂಪರೆಯಿದೆ. ಕೊಡೈಕೆನಾಲ್ ವೀಕ್ಷಣಾಲಯದ ಹೊಣೆಯನ್ನು ೧೯೬೦ರಲ್ಲಿ ವಹಿಸಿಕೊಂಡ ಎಂ. ಕೆ. ವೈನು ಬಾಪು ಅವರ ದೂರದೃಷ್ಟಿಯಿಂದ ೧೯೭೧ರಲ್ಲಿ ಭಾರತೀಯ ಖಭೌತ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡಿತು. ಬೆಂಗಳೂರಿನ ಕೋರಮಂಗಲ ಅದರ ಕೇಂದ್ರವಾಯಿತು. ತಮಿಳುನಾಡಿನ ಕಾವಲೂರಿನಲ್ಲಿ ದೇಶದಲ್ಲೇ ತಯಾರಾದ ೨.೩೪ ಮೀಟರ್ ವ್ಯಾಸದ ದೂರದರ್ಶಕಕ್ಕೆ ೧೯೮೬ರಲ್ಲಿ ಬಾಪು ಅವರ ಹೆಸರನ್ನಿಡಲಾಯಿತು. ಆದರೆ ಕಾವಲೂರಿನ ಆಕಾಶಕ್ಕೆ ಮುಂಗಾರು ಹಿಂಗಾರುಗಳೆರಡರ ಮೋಡವೂ ಕವಿಯುತ್ತದೆ. ಮಂಕಾದ, ದೂರದ ಆಕಾಶಕಾಯಗಳ ಅಧ್ಯಯನಕ್ಕೆ ಎತ್ತರದ, ಒಣಹವೆಯ, ಕಗ್ಗತ್ತಲಿನ ನೆಲೆಯೊಂದು ಬೇಕಾಗಿತ್ತು.

೧೯೯೦ರ ದಶಕದಲ್ಲಿ ರಮಾನಾಥ್ ಕೌಶಿಕ್ ಅವರು ಸಂಸ್ಥೆಯ ನಿರ್ದೇಶಕರಾಗಿದ್ದಾಗ ಈ ಹುಡುಕಾಟವು ಲಡಾಖಿನ ಹಾನ್ಲೆಯಲ್ಲಿ ಫಲಿಸಿತು. ಕೌಶಿಕ್ ಅವರೇ ವಿಶ್ವವಿಜ್ಞಾನಕ್ಕೆ ಸೇರಿದವರು ಎಂಬುದು ಇಲ್ಲಿ ಗಮನಾರ್ಹ. ೧೯೭೨ರಲ್ಲಿ ಅವರು ಮೆಕ್‌ಕ್ಲೆಲೆಂಡ್ ಅವರೊಡನೆ ಪ್ರಕಟಿಸಿದ ಲೇಖನವು ಹಿಗ್ಗುತ್ತಿರುವ ವಿಶ್ವದ ಲಕ್ಷಣಗಳಿಂದಲೇ ನ್ಯೂಟ್ರಿನೋ ಕಣದ ದ್ರವ್ಯರಾಶಿಗೆ ಮಿತಿಯನ್ನು ಹಾಕಿತ್ತು. ಹಾನ್ಲೆಯ ಸರಸ್ವತಿ ಪರ್ವತದ ಮೇಲೆ, ಸಮುದ್ರಮಟ್ಟದಿಂದ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ, ಎರಡು ಮೀಟರ್ ವ್ಯಾಸದ ದೂರದರ್ಶಕವು ೨೦೦೦ದ ಸೆಪ್ಟೆಂಬರ್ ೨೬ರ ರಾತ್ರಿ ಮೊದಲ ಬೆಳಕನ್ನು ಕಂಡಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿನಲ್ಲಿ ಅದಕ್ಕೆ ಹಿಮಾಲಯನ್ ಚಂದ್ರ ದೂರದರ್ಶಕ ಎಂದು ನಾಮಕರಣ ಮಾಡಲಾಯಿತು.

ಅಂಥ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇ. ೬೦ರಷ್ಟೂ ಇರುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆಯು ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ವೀಕ್ಷಕರು ರಾತ್ರಿಯಿಡೀ ಅಲ್ಲಿ ಎಚ್ಚರದಿಂದ ಕುಳಿತು ಕೆಲಸ ಮಾಡುವುದು ದುಸ್ಸಾಧ್ಯ. ಈ ತೊಡಕಿಗೆ ದೊರೆತ ಪರಿಹಾರವೇ ಹೊಸಕೋಟೆಯನ್ನು ಖಗೋಳ ವಿಜ್ಞಾನದ ಭೂಪಟಕ್ಕೆ ತಂದಿತು. ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿರುವ ಸಂಸ್ಥೆಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಶೋಧನೆ ಹಾಗೂ ಶಿಕ್ಷಣ ಕೇಂದ್ರದಲ್ಲಿ, ಅಂದರೆ 'ಕ್ರೆಸ್ಟ್' ಆವರಣದಲ್ಲಿ, ದೂರನಿಯಂತ್ರಣ ಕೊಠಡಿಯನ್ನು ನಿರ್ಮಿಸಲಾಯಿತು. ಉಪಗ್ರಹ ಸಂಪರ್ಕದ ಮೂಲಕ ದೂರದರ್ಶಕವನ್ನು ಇಲ್ಲಿಂದಲೇ ನಡೆಸುವ ವ್ಯವಸ್ಥೆಯನ್ನು ೨೦೦೧ರ ಜೂನ್ ೨ರಂದು ಜಮ್ಮು ಮತ್ತು ಕಾಶ್ಮೀರದ ಅಂದಿನ ಮುಖ್ಯಮಂತ್ರಿ ಫಾರೂಕ್ ಅಬ್ದುಲ್ಲಾ ಅವರು ಉದ್ಘಾಟಿಸಿದರು. ೨೦೦೩ರ ಮೇ ತಿಂಗಳಿನಿಂದ ದೂರದರ್ಶಕವು ಖಗೋಳಜ್ಞರ ನಿಯತ ಬಳಕೆಗೆ ತೆರೆದುಕೊಂಡಿತು.

ಹೊಸಕೋಟೆಗೂ ಹಾನ್ಲೆಗೂ ನೇರ ಅಂತರ ಸುಮಾರು ೨,೨೦೦ ಕಿಲೋಮೀಟರ್. ರೇಖಾಂಶಗಳಲ್ಲಿ ಮಾತ್ರ ವ್ಯತ್ಯಾಸ ಒಂದು ಡಿಗ್ರಿಗಿಂತ ತುಸುವೇ ಹೆಚ್ಚು. ಆದಕಾರಣ ಹಾನ್ಲೆಯ ನೆತ್ತಿಯನ್ನು ದಾಟಿದ ನಕ್ಷತ್ರವು ಐದು ನಿಮಿಷಗಳೊಳಗೆ ಹೊಸಕೋಟೆಯ ಮಧ್ಯಾಹ್ನರೇಖೆಯನ್ನೂ ದಾಟುತ್ತದೆ. ಎರಡೂ ಕಡೆ ಕತ್ತಲು ಹೆಚ್ಚುಕಡಿಮೆ ಒಟ್ಟಿಗೇ ಕವಿಯುತ್ತದೆ. ಬೆಂಗಳೂರಿನ ದೀಪಗಳಿಂದ ಹೊಸಕೋಟೆಯ ಆಕಾಶ ಎಷ್ಟೇ ಬೆಳಗಿದರೂ, ಅಲ್ಲಿ ಮಳೆ ಸುರಿಯುತ್ತಿದ್ದರೂ, ಅಲ್ಲಿನ ವೀಕ್ಷಕರ ಮುಂದಿರುವುದು ಲಡಾಖಿನ ನಿರ್ಮಲ ಆಕಾಶ.

ಚಂದ್ರಶೇಖರ್ ಮಿತಿ ಮತ್ತು ಸೂಪರ್‌ನೋವಾ ೨೦೦೩ಡಿಯು

ಸೆಫೀಡ್‌ಗಳು ಹತ್ತಿರದ ಗೆಲಾಕ್ಸಿಗಳಲ್ಲಿ ಮಾತ್ರ ಬಿಡಿಬಿಡಿಯಾಗಿ ಗೋಚರಿಸುತ್ತವೆ. ಅದಕ್ಕೂ ಆಚೆಗೆ ವರ್ಗ ಒಂದು-ಎ ಸೂಪರ್‌ನೋವಾಗಳೇ ಅಳತೆಗೋಲು. ತನ್ನ ಇಂಧನವನ್ನು ಮುಗಿಸಿದ ಶ್ವೇತಕುಬ್ಜ ನಕ್ಷತ್ರವು ಸೂರ್ಯನ ಸುಮಾರು ೧.೪ ಪಟ್ಟು ದ್ರವ್ಯರಾಶಿಯನ್ನು ಮೀರಿ ಸ್ಥಿರವಾಗಿ ಉಳಿಯಲಾರದು ಎಂದು ತರುಣ ಚಂದ್ರಶೇಖರ್ ೧೯೩೦ರ ದಶಕದ ಆರಂಭದಲ್ಲಿ ತೋರಿಸಿದ್ದರು. ಒಂದು-ಎ ಸೂಪರ್‌ನೋವಾಗಳು ಇಂಥ ಶ್ವೇತಕುಬ್ಜಗಳ ಉಷ್ಣಪರಮಾಣು ಸ್ಫೋಟಗಳು. ಅವುಗಳ ಗರಿಷ್ಠ ಪ್ರಕಾಶವು ಒಂದಕ್ಕೊಂದು ಹತ್ತಿರವಾಗಿದ್ದರೂ ತದ್ರೂಪವಲ್ಲ. ಹೆಚ್ಚು ಪ್ರಕಾಶವುಳ್ಳವು ನಿಧಾನವಾಗಿ ಮಂಕಾಗುತ್ತವೆ ಎಂದು ಮಾರ್ಕ್ ಫಿಲಿಪ್ಸ್ ೧೯೯೩ರಲ್ಲಿ ತೋರಿಸಿದ ಬಳಿಕ, ಹೊಳಪಿನ ಏರಿಳಿತದ ರೇಖೆಯಿಂದಲೇ ನಿಜವಾದ ಪ್ರಕಾಶವನ್ನು ಅಂದಾಜಿಸುವುದು ಸಾಧ್ಯವಾಯಿತು. ಇದೇ ಸಾಧನದಿಂದ ೧೯೯೮-೯೯ರಲ್ಲಿ ಎರಡು ತಂಡಗಳು ವಿಶ್ವದ ಹಿಗ್ಗುವಿಕೆ ವೇಗೋತ್ಕರ್ಷಗೊಳ್ಳುತ್ತಿದೆ ಎಂದು ಪ್ರಕಟಿಸಿದವು. ೨೦೧೧ರ ನೊಬೆಲ್ ಪುರಸ್ಕಾರ ಈ ಶೋಧನೆಗೆ ಸಂದಿತು.

ದೂರದ ಸೂಪರ್‌ನೋವಾದ ಅರ್ಥ ತಿಳಿಯಬೇಕಾದರೆ ಹತ್ತಿರದ ಸೂಪರ್‌ನೋವಾದ ವರ್ತನೆ ತಿಳಿದಿರಬೇಕು. ಹೊಸಕೋಟೆಯ ಕೆಲಸದ ಮಹತ್ವ ಇರುವುದು ಇಲ್ಲಿಯೇ. ಸೂಪರ್‌ನೋವಾ ಹೇಳಿಕೇಳಿ ಬರುವುದಿಲ್ಲ. ಬಂದ ಮೇಲೆ ಅದನ್ನು ದಿನಬಿಟ್ಟು ದಿನ, ವಾರಬಿಟ್ಟು ವಾರ ನೋಡುತ್ತಲೇ ಇರಬೇಕು. ಬೃಹತ್ ದೂರದರ್ಶಕಗಳಲ್ಲಿ ಒಂದೇ ಕಾಯಕ್ಕೆ ಅಷ್ಟೊಂದು ರಾತ್ರಿಗಳು ಸುಲಭವಾಗಿ ಸಿಗುವುದಿಲ್ಲ. ಎರಡು ಮೀಟರಿನ ಉಪಕರಣವೊಂದು ಸಂಸ್ಥೆಯ ಕೈಯಳತೆಯಲ್ಲಿರುವುದು ಇಂಥ ಕೆಲಸಕ್ಕೆ ವರದಾನ.

ದೂರದರ್ಶಕವು ನಿಯತ ಬಳಕೆಗೆ ತೆರೆದುಕೊಳ್ಳುವ ಹೊತ್ತಿಗೆ ಸರಿಯಾಗಿ, ೨೦೦೩ರ ಏಪ್ರಿಲ್‌ನಲ್ಲಿ, ಯುಜಿಸಿ ೯೩೯೧ ಎಂಬ ಗೆಲಾಕ್ಸಿಯಲ್ಲಿ ಒಂದು-ಎ ವರ್ಗದ ಸೂಪರ್‌ನೋವಾ ಪತ್ತೆಯಾಯಿತು. ಅದಕ್ಕೆ ೨೦೦೩ಡಿಯು ಎಂಬ ಸಂಜ್ಞೆ ದೊರೆಯಿತು. ಜಿ. ಸಿ. ಅನುಪಮಾ, ಡಿ. ಕೆ. ಸಾಹು ಮತ್ತು ಅವರ ಸಹವರ್ತಿಗಳು ಅದನ್ನು ಸುಮಾರು ಒಂದು ವರ್ಷ ಕಾಲ ಹಿಂಬಾಲಿಸಿದರು. ಐದು ವರ್ಣಪಟ್ಟಿಗಳಲ್ಲಿ ಅದರ ಹೊಳಪನ್ನೂ, ಹಂತಹಂತವಾಗಿ ಬದಲಾಗುತ್ತಿದ್ದ ಅದರ ರೋಹಿತವನ್ನೂ ದಾಖಲಿಸಿದರು. ಫಲಿತಾಂಶಗಳು ೨೦೦೫ರಲ್ಲಿ ಪ್ರಕಟವಾದವು. ಅದೊಂದು ಸಾಧಾರಣ ಲಕ್ಷಣದ ಸೂಪರ್‌ನೋವಾ. ಅಳತೆಗೋಲಿಗೆ ಬೇಕಾದುದು ಅಂಥದೇ.

ಹನ್ನೊಂದು ವರ್ಷಗಳ ಬಳಿಕ ಇದೇ ಸೂಪರ್‌ನೋವಾ ಮಹತ್ವದ ವಾದವೊಂದರ ಮಧ್ಯೆ ಕಾಣಿಸಿಕೊಂಡಿತು. ಆಡಮ್ ರೀಸ್ ಅವರ ತಂಡವು ಹಿಗ್ಗುವಿಕೆಯ ದರವನ್ನು ನಿರ್ಧರಿಸಲು ೨೦೧೬ರಲ್ಲಿ ೧೯ ಗೆಲಾಕ್ಸಿಗಳನ್ನು ಆರಿಸಿಕೊಂಡಿತು. ಒಂದೇ ಗೆಲಾಕ್ಸಿಯಲ್ಲಿ ಸೆಫೀಡ್‌ಗಳೂ ಕಾಣಬೇಕು, ಚೆನ್ನಾಗಿ ಅಳೆಯಲ್ಪಟ್ಟ ಒಂದು-ಎ ಸೂಪರ್‌ನೋವಾವೂ ಸಂಭವಿಸಿರಬೇಕು ಎಂಬುದು ಆಯ್ಕೆಯ ನಿಬಂಧನೆ. ಸುಮಾರು ೧೨ ಕೋಟಿ ಜ್ಯೋತಿರ್ವರ್ಷ ದೂರದ ಯುಜಿಸಿ ೯೩೯೧ ಆ ಹತ್ತೊಂಬತ್ತರಲ್ಲಿ ಒಂದು. ಸೂಪರ್‌ನೋವಾ ೨೦೦೩ಡಿಯು ಅನ್ನು ಜಗತ್ತಿನ ಬೇರೆ ವೀಕ್ಷಣಾಲಯಗಳೂ ಅಳೆದಿದ್ದವು. ಬೇರೆಬೇರೆ ಕಡೆಯ ಅಳತೆಗಳು ಪರಸ್ಪರ ತಾಳೆಯಾದಾಗಲೇ ಅಂಥ ಸೂಪರ್‌ನೋವಾದ ಮೇಲೆ ಭರವಸೆಯಿಡಲು ಸಾಧ್ಯ. ಆ ತಾಳೆಯಲ್ಲಿ ಹೊಸಕೋಟೆಯಿಂದ ನಡೆದ ವೀಕ್ಷಣೆಗೂ ಪಾಲುಂಟು.

ಆ ವಾದ ಇನ್ನೂ ತೀರ್ಮಾನಗೊಂಡಿಲ್ಲ. ರೀಸ್ ತಂಡವು ೨೦೨೨ರಲ್ಲಿ ೪೨ ಸೂಪರ್‌ನೋವಾಗಳ ಆಧಾರದಿಂದ ಹಿಗ್ಗುವಿಕೆಯ ದರವನ್ನು ೭೩.೦೪ ಎಂದು ನೀಡಿತು. ಅದರಲ್ಲಿನ ಅನಿಶ್ಚಿತತೆ ೧.೦೪ ಮಾತ್ರ. ಹಿನ್ನೆಲೆ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ೨೦೧೮ರ ವಿಶ್ಲೇಷಣೆಯಿಂದ ದೊರೆಯುವ ಬೆಲೆ ೬೭.೪, ಅನಿಶ್ಚಿತತೆ ೦.೫. ಎರಡು ಆಧಾರಗಳೂ ತಮ್ಮಷ್ಟಕ್ಕೆ ದೃಢವಾಗಿವೆ, ಪರಸ್ಪರ ಹೊಂದುವುದಿಲ್ಲ. ವಿಶ್ವದ ರಚನೆಯಲ್ಲಿ ಇನ್ನೂ ಅರಿಯದ ಅಂಶವಿದೆಯೋ, ಅಥವಾ ಹಬಲ್ ಕಾಲದಲ್ಲಾದಂತೆ ಅಳತೆಗೋಲಿನಲ್ಲಿಯೇ ಸೂಕ್ಷ್ಮ ದೋಷವಿದೆಯೋ ಎಂಬುದೇ ಪ್ರಶ್ನೆ. ಹತ್ತಿರದ ಪ್ರತಿಯೊಂದು ಸೂಪರ್‌ನೋವಾದ ಅಳತೆಯೂ ಈ ಕಾರಣದಿಂದ ಇಂದು ಬೆಲೆಯುಳ್ಳದ್ದಾಗಿದೆ.

ಅಳತೆಗೋಲಿನ ದೋಷಗಳನ್ನು ಅರಿಯಲು ಸಾಧಾರಣವಲ್ಲದ ಸೂಪರ್‌ನೋವಾಗಳೂ ಬೇಕು. ೨೦೦೫ಎಚ್‌ಕೆ ಎಂಬ ವಿಲಕ್ಷಣ ಸೂಪರ್‌ನೋವಾವನ್ನು ೪೦೦ ದಿನಗಳವರೆಗೆ ಹಿಂಬಾಲಿಸಿದ ಅಧ್ಯಯನವನ್ನು ಸಾಹು ಮತ್ತಿತರರು ೨೦೦೮ರಲ್ಲಿ ಪ್ರಕಟಿಸಿದರು. ತನ್ನ ವರ್ಗದ ಇತರ ಸೂಪರ್‌ನೋವಾಗಳಿಗಿಂತ ಅದು ಬಹಳ ಮಂಕಾಗಿತ್ತು. ೨೦೧೪ರ ಜನವರಿಯಲ್ಲಿ ಎಂ-೮೨ ಗೆಲಾಕ್ಸಿಯಲ್ಲಿ ಕಾಣಿಸಿಕೊಂಡ ೨೦೧೪ಜೆ ಕೂಡ ಇದೇ ದೂರದರ್ಶಕದಿಂದ ವೀಕ್ಷಿಸಲ್ಪಟ್ಟಿತು. ಅದರ ಬೆಳಕು ದಟ್ಟವಾದ ಧೂಳನ್ನು ಹಾದು ಬಂದುದರಿಂದ, ಧೂಳು ಹೊಳಪನ್ನು ಎಷ್ಟು ಕುಂದಿಸುತ್ತದೆ ಎಂಬ ತೊಡಕಿನ ಪ್ರಶ್ನೆಗೆ ಅದು ಒಳ್ಳೆಯ ಪರೀಕ್ಷೆಯಾಯಿತು.

ಅತಿನೇರಳೆ ಬೆಳಕಿನ ಸಾಕ್ಷ್ಯ

ಹೊಸಕೋಟೆಯ ಆವರಣವು ನಿಯಂತ್ರಣ ಕೊಠಡಿಗೆ ಸೀಮಿತವಾಗಿ ಉಳಿಯಲಿಲ್ಲ. ಅಲ್ಲಿನ ಎಂ. ಜಿ. ಕೆ. ಮೆನನ್ ಪ್ರಯೋಗಾಲಯದ ಧೂಳುರಹಿತ ಕೊಠಡಿಗಳಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಲಾಯಿತು. ೨೦೧೫ರ ಸೆಪ್ಟೆಂಬರ್ ೨೮ರಂದು ಆಸ್ಟ್ರೋಸ್ಯಾಟ್ ಕಕ್ಷೆ ಸೇರಿತು. ಪುಣೆಯ ಕನಕ್ ಸಹಾ ಅವರ ನೇತೃತ್ವದ ತಂಡವು ಈ ಉಪಕರಣದಿಂದ ೨೦೧೬ರ ಅಕ್ಟೋಬರ್‌ನಲ್ಲಿ ಒಟ್ಟು ೨೮ ಗಂಟೆಗಳಿಗೂ ಮಿಕ್ಕಿ ವೀಕ್ಷಣೆ ನಡೆಸಿತು. ೯೩೦ ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ತೀವ್ರ ಅತಿನೇರಳೆ ವಿಕಿರಣ ಹೊರಬರುತ್ತಿರುವುದನ್ನು ಆ ತಂಡ ಪತ್ತೆಮಾಡಿ, ೨೦೨೦ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆದಿಕಾಲದ ಗೆಲಾಕ್ಸಿಗಳಿಂದ ಇಂಥ ವಿಕಿರಣ ಸೋರಿ ಹೊರಬಂದುದರಿಂದಲೇ ವಿಶ್ವದ ಕತ್ತಲೆಯ ಯುಗ ಕೊನೆಗೊಂಡಿತು ಎಂಬ ಊಹೆಗೆ ಇದು ಆಧಾರವನ್ನು ಒದಗಿಸಿತು.

ಕೆರೆಯ ಮೇಲಿನ ಪರೀಕ್ಷೆ

ಇದೇ ಕತ್ತಲೆಯ ಯುಗದ ಅಂತ್ಯವನ್ನು ರೇಡಿಯೋ ತರಂಗಗಳಲ್ಲಿ ಅರಸಿದ ಪ್ರಯತ್ನ ಎರಡನೆಯ ಎಳೆ. ಅದರ ನೆಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಸರ್ ಸಿ. ವಿ. ರಾಮನ್ ಅವರ ನಿಧನಾನಂತರ ೧೯೭೨ರಲ್ಲಿ ಸಂಸ್ಥೆಯ ನಿರ್ದೇಶಕರಾದ ವಿ. ರಾಧಾಕೃಷ್ಣನ್ ಅಲ್ಲಿ ರೇಡಿಯೋ ಖಗೋಳ ವಿಜ್ಞಾನಕ್ಕೆ ಬುನಾದಿ ಹಾಕಿದರು. ರಾಮನ್ ಸಂಸ್ಥೆ ಮತ್ತು ಖಭೌತ ಸಂಸ್ಥೆಗಳು ಜೊತೆಗೂಡಿ, ದೊಡ್ಡಬಳ್ಳಾಪುರವನ್ನು ದಾಟಿ ಉತ್ತರಕ್ಕೆ ಸಾಗುವ ದಾರಿಯಲ್ಲಿ ಸಿಗುವ ಗೌರಿಬಿದನೂರಿನ ಬಳಿ ೧೯೭೬ರಲ್ಲಿ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದವು. ಸಾವಿರ ಆಂಟೆನಾಗಳ ಆ ವ್ಯೂಹದಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ೩೪.೫ ಮೆಗಾಹರ್ಟ್ಸ್ ಕಂಪನಾಂಕದ ಆಕಾಶ ನಕ್ಷೆಯನ್ನು ತಯಾರಿಸಿ ೧೯೯೦ರಲ್ಲಿ ಪ್ರಕಟಿಸಿದರು. ಕಡಿಮೆ ಕಂಪನಾಂಕಗಳಲ್ಲಿ ಆಕಾಶವನ್ನು ಅಳೆಯುವ ಕೌಶಲ ಬೆಂಗಳೂರಿನಲ್ಲಿ ಬೆಳೆದುಬಂದುದು ಹೀಗೆ.

ತಟಸ್ಥ ಹೈಡ್ರೊಜನ್ ಪರಮಾಣುವು ೨೧ ಸೆಂಟಿಮೀಟರ್ ತರಂಗಾಂತರದ, ಅಂದರೆ ೧,೪೨೦ ಮೆಗಾಹರ್ಟ್ಸ್ ಕಂಪನಾಂಕದ ವಿಕಿರಣವನ್ನು ಹೀರುತ್ತದೆ ಅಥವಾ ಸೂಸುತ್ತದೆ. ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಈ ಸಂಕೇತವು, ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ, ಇಂದು ಹಲವು ಮೀಟರುಗಳ ತರಂಗವಾಗಿ ನಮ್ಮನ್ನು ತಲುಪಬೇಕು. ೨೦೧೮ರ ಮಾರ್ಚ್‌ನಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಎಡ್ಜಸ್ ಎಂಬ ಪ್ರಯೋಗವನ್ನು ನಡೆಸಿದ ಅಮೆರಿಕದ ತಂಡವು ೭೮ ಮೆಗಾಹರ್ಟ್ಸ್ ಬಳಿ ಅಂಥ ಸಂಕೇತವನ್ನು ಕಂಡಿರುವುದಾಗಿ ಪ್ರಕಟಿಸಿತು. ಆ ಸಂಕೇತದ ಆಳ ಸುಮಾರು ಅರ್ಧ ಕೆಲ್ವಿನ್. ಪ್ರಚಲಿತ ಸಿದ್ಧಾಂತ ಅನುಮತಿಸುವ ಗರಿಷ್ಠ ಪ್ರಮಾಣದ ಎರಡು ಪಟ್ಟಿಗೂ ಮಿಕ್ಕದ್ದು. ಅದು ನಿಜವಾಗಿದ್ದರೆ ಆದಿಕಾಲದ ಅನಿಲ ಎಣಿಸಿದ್ದಕ್ಕಿಂತ ಬಹಳ ತಣ್ಣಗಿತ್ತೆಂದೂ, ಕಗ್ಗತ್ತಲಿನ ದ್ರವ್ಯವು ಅದನ್ನು ತಣಿಸಿತೆಂದೂ ಊಹಿಸಬೇಕಾಗುತ್ತಿತ್ತು. ಭೌತವಿಜ್ಞಾನದ ಒಂದು ಅಧ್ಯಾಯವನ್ನೇ ಹೊಸದಾಗಿ ಬರೆಯಬೇಕಾದೀತೆಂಬ ನಿರೀಕ್ಷೆ ಹುಟ್ಟಿತು.

ರಾಮನ್ ಸಂಸ್ಥೆಯ ರವಿ ಸುಬ್ರಹ್ಮಣ್ಯನ್, ಉದಯಶಂಕರ್, ಸೌರಭ್ ಸಿಂಗ್, ಮಯೂರಿ ರಾವ್ ಮುಂತಾದವರ ತಂಡವು ಅಷ್ಟರಲ್ಲಾಗಲೇ 'ಸರಸ್' ಎಂಬ ಪ್ರಯೋಗಮಾಲೆಯಲ್ಲಿ ತೊಡಗಿತ್ತು. ಕ್ಷೀರಪಥದ ರೇಡಿಯೋ ಹೊಳಪು ಅರಸುತ್ತಿರುವ ಸಂಕೇತಕ್ಕಿಂತ ಸಾವಿರಾರು ಪಟ್ಟು ಪ್ರಬಲವಾದುದರಿಂದ, ಉಪಕರಣದ ಅತ್ಯಲ್ಪ ದೋಷವೂ ಸಂಕೇತದಂತೆಯೇ ತೋರಬಹುದು. ಆಂಟೆನಾದ ಅಡಿಯ ನೆಲ ಅಂಥ ದೋಷದ ಒಂದು ಮೂಲ. ಮಣ್ಣು, ಬಂಡೆ, ತೇವಗಳ ಪದರಗಳಿಂದ ತರಂಗಗಳು ಬೇರೆಬೇರೆ ರೀತಿಯಲ್ಲಿ ಪ್ರತಿಫಲಿಸುತ್ತವೆ. ಇದಕ್ಕೆ ತಂಡ ಕಂಡುಕೊಂಡ ಉಪಾಯ ಸರಳವಾದುದು: ಆಂಟೆನಾವನ್ನು ತೆಪ್ಪದ ಮೇಲಿಟ್ಟು ನೀರಿನಲ್ಲಿ ತೇಲಿಬಿಡುವುದು. ಆಳವಾದ ನೀರು ಎಲ್ಲೆಡೆಯೂ ಏಕರೂಪವಾದ ಮಾಧ್ಯಮ.

ನಗರದ ಸಮೀಪದಲ್ಲಿ ಇದು ಆಗುವ ಕೆಲಸವಾಗಿರಲಿಲ್ಲ. ಎಫ್‌ಎಂ ಪ್ರಸಾರ ೮೮ ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತದೆ. ೭೮ ಅದರ ನೆರೆಮನೆ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಬಳಿಕ ಬೆಂಗಳೂರಿನ ಉತ್ತರದ ಬಯಲಿನಲ್ಲಿ ಬಡಾವಣೆಗಳೂ ಕೈಗಾರಿಕೆಗಳೂ ಬೆಳೆದಂತೆ ರೇಡಿಯೋ ಮೌನವೂ ಹಿಂದೆ ಸರಿಯಿತು. ಕೊನೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆ ಮತ್ತು ಮಲೆನಾಡಿನ ಶರಾವತಿ ಹಿನ್ನೀರು, ಈ ಎರಡನ್ನು ಆರಿಸಿಕೊಂಡು ೨೦೨೦ರ ಮೊದಲ ತಿಂಗಳುಗಳಲ್ಲಿ ವೀಕ್ಷಣೆ ನಡೆಸಲಾಯಿತು. ೨೦೨೨ರ ಫೆಬ್ರವರಿ ೨೮ರಂದು ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಎಡ್ಜಸ್ ತಂಡ ವರದಿ ಮಾಡಿದ ರೂಪದ ಸಂಕೇತವು ಸರಸ್ ದತ್ತಾಂಶದಲ್ಲಿ ಇರಲಿಲ್ಲ. ಶೇ. ೯೫.೩ರಷ್ಟು ವಿಶ್ವಾಸದೊಡನೆ ಅದನ್ನು ನಿರಾಕರಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆಯು, ಮಹಾಸ್ಫೋಟದ ಸುಮಾರು ೨೦ ಕೋಟಿ ವರ್ಷಗಳ ಬಳಿಕ ಇದ್ದಿರಬಹುದಾದ ಗೆಲಾಕ್ಸಿಗಳ ಲಕ್ಷಣಗಳಿಗೆ ಇದೇ ದತ್ತಾಂಶದಿಂದ ಮಿತಿಗಳನ್ನು ಗುರುತಿಸಿತು.

ಸರಸ್ ಪ್ರಯೋಗವು ವಿಶ್ವದ ಮೊದಲ ಬೆಳಕಿನ ಸಂಕೇತವನ್ನು ಕಂಡಿತೆಂದು ಇದರ ಅರ್ಥವಲ್ಲ. ಅದು ಕಂಡದ್ದು ಸಂಕೇತದ ಗೈರುಹಾಜರಿಯನ್ನು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ನಿರಾಕರಣೆಗಳಿಗೆ ಸಲ್ಲುವ ಗೌರವ ಕಡಿಮೆಯೇ. ಆದರೂ ಹುಸಿಯಾಗಿರಬಹುದಾದ ಸಂಕೇತವೊಂದರ ಮೇಲೆ ಹೊಸ ಭೌತವಿಜ್ಞಾನವನ್ನು ಕಟ್ಟುವ ಮುನ್ನ ಜಗತ್ತು ನಿಂತು ಯೋಚಿಸುವಂತಾದದ್ದು ಈ ಪ್ರಯೋಗದಿಂದ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ವಿಶ್ವದ ಹಿಗ್ಗುವಿಕೆಯನ್ನು ಕುರಿತ ಸಾಕ್ಷ್ಯವು ಮುಗಿದುಹೋದ ಅಧ್ಯಾಯವಲ್ಲ. ಹಿಗ್ಗುತ್ತಿದೆ ಎಂಬುದರಲ್ಲಿ ಸಂದೇಹ ಉಳಿದಿಲ್ಲ. ಎಷ್ಟು ವೇಗದಲ್ಲಿ ಎಂಬುದರಲ್ಲಿ ಉಳಿದಿದೆ. ಎರಡನೆಯದಾಗಿ, ಈ ಸಾಕ್ಷ್ಯದ ಬಲವಿರುವುದು ಪರಸ್ಪರ ಅವಲಂಬಿಸದ ಅಳತೆಗಳು ಒಂದೇ ಉತ್ತರವನ್ನು ಕೊಡುವುದರಲ್ಲಿ. ಅಂಥ ಅಳತೆಗಳನ್ನು ಒದಗಿಸಲು ಅತಿ ದೊಡ್ಡ ಉಪಕರಣವೇ ಬೇಕೆಂದೇನೂ ಇಲ್ಲ. ಎರಡು ಮೀಟರಿನ ಕನ್ನಡಿ, ತೆಪ್ಪದ ಮೇಲಿನ ಆಂಟೆನಾ ಇವು ಕೂಡ ಸಾಕಾಗಬಹುದೆಂಬುದಕ್ಕೆ ಹೊಸಕೋಟೆಯೂ ದಂಡಿಗಾನಹಳ್ಳಿಯೂ ನಿದರ್ಶನ. ಮೂರನೆಯದಾಗಿ, ಇಂಥ ಕೆಲಸಕ್ಕೆ ಕತ್ತಲೆಯೂ ಮೌನವೂ ಸಂಪತ್ತು. ಹಾನ್ಲೆಯ ಸುತ್ತಲಿನ ಪ್ರದೇಶವನ್ನು ೨೦೨೨ರಲ್ಲಿ ಕತ್ತಲೆ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ರೇಡಿಯೋ ಮೌನವಿರುವ ಕೆರೆಗಳಿಗೆ ಹಾಗೂ ಕಣಿವೆಗಳಿಗೆ ಕರ್ನಾಟಕದಲ್ಲಿ ಅಂಥದೇ ರಕ್ಷಣೆ ಅಗತ್ಯವೇ ಎಂಬ ಪ್ರಶ್ನೆಯನ್ನು ವಿಜ್ಞಾನ ಸಂಸ್ಥೆಗಳೂ ಸರ್ಕಾರವೂ ಪರಿಶೀಲಿಸುವುದು ಉಚಿತ.

ಈ ವಿಷಯದ ಕನ್ನಡ ದಾಖಲೀಕರಣ ಇನ್ನೂ ಆರಂಭದ ಹಂತದಲ್ಲಿದೆ. ಹೊಸಕೋಟೆಯ ನಿಯಂತ್ರಣ ಕೊಠಡಿಯ ವೀಕ್ಷಣಾ ದಿನಚರಿಗಳು, ಗೌರಿಬಿದನೂರಿನ ಆಂಟೆನಾ ವ್ಯೂಹವನ್ನು ಕಟ್ಟಿದವರ ಅನುಭವಗಳು, ಕೆರೆಯ ಮೇಲೆ ತೆಪ್ಪವನ್ನು ನಿಲ್ಲಿಸಿದ ತಂತ್ರಜ್ಞರ ಟಿಪ್ಪಣಿಗಳು ಇವೆಲ್ಲವೂ ಕರ್ನಾಟಕದ ವಿಜ್ಞಾನ ಚರಿತ್ರೆಯ ಮೂಲ ಆಕರಗಳು. ಪ್ರಕಟಿತ ಲೇಖನಗಳು ಫಲಿತಾಂಶವನ್ನು ಮಾತ್ರ ಉಳಿಸುತ್ತವೆ. ಫಲಿತಾಂಶಕ್ಕೆ ತಲುಪಿದ ದಾರಿಯನ್ನು ಈ ಆಕರಗಳೇ ಉಳಿಸಬೇಕು. ಅವುಗಳ ಸಂಗ್ರಹವೂ ಅಧ್ಯಯನವೂ ಮುಂದಿನ ಸಂಶೋಧಕರ ಗಮನವನ್ನು ಬೇಡುತ್ತವೆ.